ಕೊಂಬಿದ್ದ ಕರಡಿ

ನಮ್ಮ ಮನೆಯ ಕಂಪ್ಯೂಟರ್ ಇದ್ದದ್ದು ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ. ಈಗಿನ ಕಗ್ಗದಾಸಪುರ ನೋಡಿದವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅಲ್ಲೀಗ ಎಮ್ಮೆ ಹಾಗಿರಲಿ, ಸ್ಕೂಟರ್ ನಿಲ್ಲಿಸುವುದಕ್ಕೂ ಜಾಗ ಹುಡುಕಬೇಕು. ನಾನು ಚಿಕ್ಕವಳಿದ್ದಾಗ ಊರು ಅರ್ಧ ಹಳ್ಳಿ, ಅರ್ಧ ಸೈಟು, ಯಾವ ಕಡೆ ವಾಲಬೇಕೆಂದು ಗೊತ್ತಿಲ್ಲದೆ ನಿಂತಿತ್ತು. ನಮ್ಮ ಮನೆಯೂ ಹಾಗೇ. ಮುಂದುಗಡೆ ಮೊಸಾಯಿಕ್ ನೆಲದ ಹಾಲ್, ಅದರ ಹಿಂದೆ ಹಂಚಿನ ಅಡುಗೆಮನೆ, ಅದಕ್ಕೂ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯನ್ನು ಅಪ್ಪ ರೂಮು ಮಾಡಿಸಿದಾಗ ಗಾರೆಯವನು ಹಳೆಯ ನೆಲದ ಮೇಲೇ ಸಿಮೆಂಟ್ ಎಳೆದು ಹೋದ. ಗಂಜಲ ಹರಿಯಲೆಂದು ಬಿಟ್ಟಿದ್ದ ಇಳಿಜಾರು ಹಾಗೇ ಉಳಿಯಿತು. ಗೋಲಿ ಕೈಜಾರಿದರೆ ಅದು ತಾನಾಗಿ ಉರುಳಿ ಮೂಲೆಯಲ್ಲಿ ನಿಲ್ಲುತ್ತಿತ್ತು. ನಾವು ಹುಡುಕುವ ಗೋಜಿಗೇ ಹೋಗದೆ ನೇರ ಮೂಲೆಗೆ ಹೋಗುತ್ತಿದ್ದೆವು. ಹುಲ್ಲು ಒಳಗೆ ತಳ್ಳಲು ಇಟ್ಟಿದ್ದ ಗಿಡ್ಡ ಕಿಟಕಿಯೂ ಉಳಿದಿತ್ತು, ಅದರಿಂದ ಸಂಜೆಯ ಬಿಸಿಲು ನಮ್ಮ ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಎಮ್ಮೆಯ ಹಗ್ಗ ಕಟ್ಟಲು ಗೋಡೆಯಲ್ಲಿದ್ದ ಕಬ್ಬಿಣದ ಬಳೆಯನ್ನು ಯಾರೂ ಕೀಳಲಿಲ್ಲ. ಕಂಪ್ಯೂಟರಿನ ವೈರು ಕಾಲಿಗೆ ಸಿಕ್ಕದಿರಲೆಂದು ಅಪ್ಪ ಅದನ್ನು ಆ ಬಳೆಯೊಳಗೆ ತೂರಿಸಿ ಕಟ್ಟಿದ್ದ. ಮಳೆಗಾಲದಲ್ಲಿ ಸಿಮೆಂಟಿನ ಅಡಿಯಿಂದ ಎಮ್ಮೆಯ ವಾಸನೆ ಮೆಲ್ಲಗೆ ಎದ್ದು ಬರುತ್ತಿತ್ತು. ಇವತ್ತಿಗೂ ಕಂಪ್ಯೂಟರ್ ಆನ್ ಮಾಡಿದಾಗ ನನ್ನ ಮೂಗು ಒಂದು ಕ್ಷಣ ಆ ವಾಸನೆಗೆ ಕಾಯುತ್ತದೆ.

ಎಮ್ಮೆಯ ಹೆಸರು ಕಾಳಿ. ಮನೆಯಲ್ಲಿದ್ದವರು ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ನನ್ನ ತಮ್ಮ ಮಂಜ. ಕಾಳಿಯನ್ನೂ ಸೇರಿಸದಿದ್ದರೆ ಅಜ್ಜಿಗೆ ಲೆಕ್ಕ ಪೂರ್ತಿಯಾಗುತ್ತಿರಲಿಲ್ಲ. ನನ್ನ ಮೊದಲ ನೆನಪೇ ಕಾಳಿಯ ಬಾಲ. ಸಂಜೆ ಹಾಲು ಕರೆಯುವ ಮುಂಚೆ ಅಜ್ಜಿ ಅದನ್ನು ಕೆರೆಗೆ ಹೊಡೆದುಕೊಂಡು ಹೋಗುವಳು, ನಾನು ಬಾಲ ಹಿಡಿದುಕೊಂಡು ಹಿಂದೆ. ಕೆರೆ ಹತ್ತಿರವೇ ಇತ್ತು, ಆದರೆ ಕಾಳಿಯ ದಾರಿ ಉದ್ದ. ಅದು ಪ್ರತಿ ಬೇಲಿಯನ್ನೂ ವಿಚಾರಿಸಿಕೊಂಡು, ಹೊಸದಾಗಿ ಏಳುತ್ತಿದ್ದ ಮನೆಗಳ ಮರಳಿನ ರಾಶಿಗೆಲ್ಲ ಮೂಗು ತಾಗಿಸಿಕೊಂಡು ಹೋಗುತ್ತಿತ್ತು. ನೀರಿಗೆ ಇಳಿದ ಮೇಲೆ ಕೊಂಬು, ಮೂಗು, ಕಣ್ಣು ಇಷ್ಟು ಮಾತ್ರ ಕಾಳಿ, ಮಿಕ್ಕಿದ್ದೆಲ್ಲ ಕೆರೆ. ಅದರ ಎಡಗೊಂಬು ಸ್ವಲ್ಪ ಕೆಳಗೆ ಬಾಗಿತ್ತು, ಅದರ ಮೇಲೆ ಬೆಳ್ಳಕ್ಕಿಯೊಂದು ಬಂದು ಕೂರುತ್ತಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ವಿಮಾನ ತಲೆಯ ಮೇಲೆ ಆಕಾಶ ಹರಿಯುವ ಹಾಗೆ ಸದ್ದು ಮಾಡಿಕೊಂಡು ಹೋದರೂ ಕಾಳಿ ಕಿವಿ ಅಲ್ಲಾಡಿಸುತ್ತಿರಲಿಲ್ಲ, ಬೆಳ್ಳಕ್ಕಿಯೂ ಏಳುತ್ತಿರಲಿಲ್ಲ. ಅಜ್ಜಿ ಕೆರೆಯ ಏರಿಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಜಗಿಯುವಳು. ನನಗೆ ಕಾಯುವುದೆಂದರೆ ಆಗದು. ಶಾಲೆಯಲ್ಲಿ ಓಟವಾಗಲಿ, ಮನೆಯಲ್ಲಿ ಊಟವಾಗಲಿ, ಮೊದಲು ನಾನೇ ಮುಗಿಸಬೇಕು. ಮಂಜ ಅಪ್ಪಿತಪ್ಪಿ ಗೆದ್ದರೆ ಅವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹೋಗೋಣ ಬಾ ಅಂತ ನಾನು ಸೆರಗು ಎಳೆದರೆ ಅಜ್ಜಿಯದು ಒಂದೇ ಉತ್ತರ.

“ತಡಿಯೇ, ಅದ್ಕೆ ಸಾಕು ಅನ್ನಿಸ್ಲಿ.”

ಆಮೇಲೆ ಕೆರೆಯ ಮೇಲೆ ಕಳೆ ಹಬ್ಬಿತು. ಸುತ್ತ ಎದ್ದ ಮನೆಗಳ ಬಚ್ಚಲ ನೀರೆಲ್ಲ ಅದಕ್ಕೇ ಹರಿಯಿತು. ಮೇಯಲು ಇದ್ದ ಖಾಲಿ ಜಾಗಗಳಿಗೆ ಒಂದೊಂದಾಗಿ ಕಾಂಪೌಂಡು ಬಂತು. ಪಕ್ಕದ ಮನೆಗೆ ಹೊಸದಾಗಿ ಬಂದವರು ಸಗಣಿ, ಸೊಳ್ಳೆ ಅಂತ ಅಮ್ಮನ ಹತ್ತಿರ ನಯವಾಗಿ ಶುರು ಮಾಡಿ, ಕೊನೆಗೆ ಜೋರಾಗಿಯೇ ಹೇಳಿದರು. ಅಪ್ಪ ಜಗಳ ಆಡುವವನಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್, ಯಾವುದು ಸಡಿಲವಾಗಿದ್ದರೂ ಸದ್ದಿಲ್ಲದೆ ಬಿಗಿ ಮಾಡಿಬಿಡುವ ಅಭ್ಯಾಸ. ಕೆ.ಆರ್. ಪುರದ ಅತ್ತೆಯ ಬಾಣಂತನಕ್ಕೆ ಅಜ್ಜಿ ಹೋಗಿದ್ದಾಗ ಅವನು ಕಾಳಿಯನ್ನು ಮಾರಿಬಿಟ್ಟ. ಕಣ್ಣೆದುರಿಗೇ ಕಳಿಸಿದರೆ ಅವಳು ತಡೆದುಕೊಳ್ಳಲಾರಳು ಅನ್ನುವುದು ಅವನ ಲೆಕ್ಕಾಚಾರ. ಅದು ಪ್ರೀತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಅಜ್ಜಿ ವಾಪಸು ಬರುವಷ್ಟರಲ್ಲಿ ನೆಲಕ್ಕೆ ಸಿಮೆಂಟ್ ಬಿದ್ದು, ಗೋಡೆಗೆ ನೀಲಿ ಬಣ್ಣ ಹೊಡೆದಾಗಿತ್ತು. ಅವಳು ಕೈಯಲ್ಲಿದ್ದ ಗಂಟನ್ನು ಕೆಳಗಿಡದೆ ಹಿಂದಕ್ಕೆ ಹೋಗಿ, ಬಾಗಿಲಲ್ಲಿ ನಿಂತು, ನೀಲಿ ಗೋಡೆಯನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಅಪ್ಪನ ಕಡೆ ತಿರುಗಿ ಒಂದು ಮಾತು ಕೇಳಿದಳು.

“ನೀರು ಕುಡ್ಸಿ ಕಳಿಸ್ದೇನೋ?”

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾರಿದ ಹಸುವಾಗಲಿ ಎಮ್ಮೆಯಾಗಲಿ, ಮನೆ ಬಿಟ್ಟು ಹೋಗುವ ಹೊತ್ತಿನಲ್ಲಿ ಅದನ್ನು ಹೊಸಿಲಾಚೆ ನಿಲ್ಲಿಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಮುಂದೆ ಒಂದು ಬಕೆಟ್ ನೀರು ಇಡಬೇಕು. ಅದು ಕುಡಿದು ತಾನಾಗಿ ತಲೆ ಎತ್ತುವವರೆಗೂ ಕಾಯಬೇಕು. ತಲೆ ಎತ್ತಿದರೆ ಹೋಗಲು ಒಪ್ಪಿತು ಅಂತ. ಅಪ್ಪ ನೆಲ ನೋಡಿದ. ಅವತ್ತಿನಿಂದ ಅಜ್ಜಿ ಅವನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳು ಅಂದರೆ ಮನೆ ನಿಶ್ಶಬ್ದವಾಯಿತು ಅಂತಲ್ಲ. ಮಾತೆಲ್ಲ ನನ್ನ ಮೇಲೆ ಹಾದು ಹೋಗತೊಡಗಿತು, ಅಷ್ಟೇ. ಅಡುಗೆಮನೆಯಲ್ಲಿ ಎಲ್ಲರೂ ಸುತ್ತ ಕೂತು ಮುದ್ದೆ ಉಣ್ಣುವಾಗ ತಾಯಿ ಮಗನ ನಡುವೆ ಒಂದು ಮೊಳದ ಅಂತರ. ಆ ಮೊಳದಲ್ಲಿ ನಾನು.

“ಪುಟ್ಟೀ, ನಿಮ್ಮಪ್ಪಂಗೆ ಹೇಳು, ಸಾರು ಬಿಸಿ ಐತೆ, ಮೆಲ್ಲಗೆ ಉಣ್ಣಲಿ.”

“ಆಯ್ತು ಅಂತ ಹೇಳಮ್ಮ ಅಜ್ಜಿಗೆ.”

ಮೊದಮೊದಲು ಕೇಳಿದ್ದನ್ನು ಕೇಳಿದಂತೆ ಒಪ್ಪಿಸುತ್ತಿದ್ದೆ. ಬರಬರುತ್ತ ಸ್ವಲ್ಪ ಕೈಚಳಕ ಬಂತು. ‘ಮನೆಗೆ ಬರೋ ಹೊತ್ತು ಇದೇನಾ ಅಂತ ಕೇಳು ನಿಮ್ಮಪ್ಪನ್ನ’ ಎಂದು ಅಜ್ಜಿ ಸಿಡುಕಿದರೆ, ನಾನು ‘ಅಪ್ಪಾ, ನಿನಗೋಸ್ಕರ ಅಜ್ಜಿ ಊಟ ಮಾಡದೆ ಕಾದಳು’ ಎನ್ನುತ್ತಿದ್ದೆ. ಎದುರಿಗೇ ಕೂತಿದ್ದ ಅಜ್ಜಿ ನನ್ನನ್ನು ದುರುಗುಟ್ಟಿ ನೋಡುವಳು, ಆದರೆ ತಿದ್ದುತ್ತಿರಲಿಲ್ಲ. ಜನ ಆಡುವ ಮಾತಿನ ಒಳಗೆ ಇನ್ನೊಂದು ಮಾತು ಮಡಚಿಟ್ಟುಕೊಂಡಿರುತ್ತದೆ ಎಂದು ನಾನು ಕಲಿತದ್ದು ಆ ಮುದ್ದೆಯ ತಟ್ಟೆಗಳ ಮಧ್ಯೆ. ಅಮ್ಮ ಇಬ್ಬರ ಮಧ್ಯೆ ಬೀಳುವ ಕೆಲಸ ಬಿಟ್ಟು ಬಹಳ ದಿನವಾಗಿತ್ತು. ಅಜ್ಜಿ ಪ್ಯಾಕೆಟ್ ಹಾಲು ಮುಟ್ಟುತ್ತಿರಲಿಲ್ಲ, ಬೆಲ್ಲ ಹಾಕಿದ ಬರೀ ಕಾಫಿ ಕುಡಿಯುತ್ತಿದ್ದಳು. ನೀಲಿ ಗೋಡೆಯ ರೂಮಿಗೆ ಕಾಲಿಡುತ್ತಲೂ ಇರಲಿಲ್ಲ.

ಕಂಪ್ಯೂಟರ್ ಬಂದದ್ದು ಇದರ ನಡುವೆ. ಮಕ್ಕಳ ಓದಿಗೆ ಬೇಕೆಂದು ಯಾರೋ ಅಪ್ಪನ ಕಿವಿ ಊದಿದ್ದರು. ಅಪ್ಪ ನನ್ನನ್ನೂ ಮಂಜನನ್ನೂ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋದ. ಬಿರಿಯಾನಿ, ಅತ್ತರು, ಗ್ರೀಸು ಮೂರೂ ಒಟ್ಟಿಗೆ ಘಮಗುಟ್ಟುವ ಒಂದು ಸಂದಿಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡಿ ಮಾರುವ ಅಂಗಡಿ. ಅಂಗಡಿಯ ಭಾಯ್ ತಮ್ಮನ ಜೊತೆ ದಖನಿಯಲ್ಲಿ, ಗಿರಾಕಿಯ ಜೊತೆ ತಮಿಳಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ನಾನು ಅವನ ಬಾಯನ್ನೇ ನೋಡುತ್ತಾ ನಿಂತುಬಿಟ್ಟೆ. ಹೊರಡುವಾಗ ಅವನು ಮಂಜನ ಕೆನ್ನೆ ಹಿಂಡಿದ.

“ಸಾರ್, ಮಕ್ಳಿಗೆ ಅಂತ ಒಂದು ಗೇಮ್ ಹಾಕಿದೀನಿ ಒಳಗೆ. ಬೋರ್ ಆದ್ರೆ ಆಡ್ಕೊಳ್ಲಿ, ಪಾಪ.”

ಓದಿಗೆಂದು ತಂದ ಪೆಟ್ಟಿಗೆಯಲ್ಲಿ ನಮಗೆ ತೆರೆಯಲು ಬಂದದ್ದು ಆ ಗೇಮ್ ಒಂದೇ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ನಾವು ಪ್ರಾಣಿ ಕಾರು ಎನ್ನುತ್ತಿದ್ದೆವು. ಮೊಲ, ಆಮೆ, ಕೋತಿ, ಹುಲಿ, ಕರಡಿ ಪುಟಾಣಿ ಕಾರುಗಳಲ್ಲಿ ಕೂತು ರೇಸ್ ಓಡುತ್ತಿದ್ದವು, ಒಂದಕ್ಕೊಂದು ಮೊಟ್ಟೆ ಎಸೆದುಕೊಳ್ಳುತ್ತಿದ್ದವು. ಎಲ್ಲವೂ ಚೌಕ ಚೌಕ. ಹುಲಿಯ ಪಟ್ಟೆ ಕೂಡ ಮೆಟ್ಟಿಲು ಮೆಟ್ಟಿಲಾಗಿತ್ತು. ಹಿಮದ ದಾರಿ, ಮರಳಿನ ದಾರಿ ಅಂತ ಬೇರೆ ಬೇರೆ ಇದ್ದವು. ನಮಗೆ ಇಷ್ಟವಾದದ್ದು ಒಂದು ಹಳ್ಳಿಯ ದಾರಿ. ನಡುವೆ ಕೊಳ, ಅದನ್ನು ಬಳಸಿಕೊಂಡು ಹೋಗುವ ಹಳದಿ ಮಣ್ಣಿನ ತಿರುವು, ಬದಿಯಲ್ಲಿ ಅಲುಗಾಡದ ಮರಗಳು, ಎಂದೂ ಮುಳುಗದ ಕಿತ್ತಳೆ ಬಣ್ಣದ ಸಂಜೆ. ತಿರುವಿನಲ್ಲಿ ಹತೋಟಿ ತಪ್ಪಿದರೆ ಕಾರು ಕೊಳಕ್ಕೆ ಇಳಿದು, ಆಮೆಗಿಂತ ನಿಧಾನವಾಗಿ, ಗುಳುಗುಳು ಎಂದು ಸದ್ದು ಮಾಡಿಕೊಂಡು ತೆವಳುತ್ತಿತ್ತು. ಮಂಜನ ಮಗಳು ಮೊನ್ನೆ ಗರುಡಾಚಾರ್‌ಪಾಳ್ಯದ ಅವರ ಫ್ಲಾಟಿನಲ್ಲಿ ಈ ಆಟವನ್ನು ಎಲ್ಲಿಂದಲೋ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟಳು. ಆ ಸಂಜೆ ಇನ್ನೂ ಮುಳುಗಿರಲಿಲ್ಲ. ನನ್ನ ಕೈ ತನ್ನಷ್ಟಕ್ಕೆ ಕರಡಿಯನ್ನು ಆರಿಸಿ, ತಿರುವು ಬಿಟ್ಟು, ಕೊಳಕ್ಕೆ ಇಳಿಸಿತು. ‘ಅತ್ತೆ, ಅಲ್ಲಿಗ್ಯಾಕೆ ಹೋಗ್ತೀರಾ? ಸೋಲ್ತೀರಾ!’ ಎಂದು ಆ ಮಗು ಕಿರುಚಿತು. ಅದಕ್ಕೆ ಕೊಡಬೇಕಾದ ಉತ್ತರ ಉದ್ದವಿತ್ತು, ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಸಂಜೆ ಮಂಜ ಎಂದಿನಂತೆ ಕೊಳಕ್ಕೆ ಬಿದ್ದ. ಬಿದ್ದವನಿಗೆ ಅದರಿಂದ ಎದ್ದು ಬರಲು ಗೊತ್ತಾಗದೆ ಗುಳುಗುಳು ಸದ್ದು ನಡೆದೇ ಇತ್ತು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಜ್ಜಿ ಬೂದಿ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳು ಆ ಬಾಗಿಲಿಗೆ ಬಂದದ್ದೇ ನಮಗೆ ಸುದ್ದಿ.

“ಏನ್ರೋ ಅದು, ನೀರು ಕುಡಿಯೋ ಸದ್ದು?”

ಅಜ್ಜಿಯ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಎಲ್ಲವೂ ಹಾಲು ಕದಡಿದ ನೀರಿನಲ್ಲಿ ಇದ್ದ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಅವಳು ಒಳಗೆ ಬಂದು, ಗೋಡೆ ಹಿಡಿದುಕೊಂಡು, ಮಾನಿಟರಿನ ಹತ್ತಿರಕ್ಕೆ ಮುಖ ತಂದಳು. ಆ ಆಟದಲ್ಲಿ ದಾರಿ ಓಡುತ್ತದೆ, ಮರಗಳು ಓಡುತ್ತವೆ, ನಮ್ಮ ಪ್ರಾಣಿ ಮಾತ್ರ ಗಾಜಿನ ಕೆಳಭಾಗದಲ್ಲಿ ನಮಗೆ ಬೆನ್ನು ತೋರಿಸಿಕೊಂಡು ಒಂದೇ ಕಡೆ ಕೂತಿರುತ್ತದೆ. ಮಂಜನದು ಕರಡಿ. ಅಗಲವಾದ ಕಪ್ಪು ಬೆನ್ನು, ತಲೆಯ ಎರಡು ಪಕ್ಕದಲ್ಲಿ ಗುಂಡು ಕಿವಿ, ಸುತ್ತ ನೀಲಿ ನೀರು. ಅಜ್ಜಿ ಬಹಳ ಹೊತ್ತು ನೋಡಿದಳು.

“ಎಮ್ಮೆ ಅಲ್ವೇನೇ ಅದು?”

ಮಂಜ ಸತ್ಯವಂತ. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಅವನ ತೊಡೆ ಚಿವುಟಿದೆ.

“ಹೂಂ ಅಜ್ಜಿ. ಎಮ್ಮೆ.”

ಯಾಕೆ ಹಾಗೆಂದೆನೋ. ಅವಳ ಮುಖದಲ್ಲಿ ಅಷ್ಟು ದಿನದ ಮೇಲೆ ಬಂದ ಗೆಲುವನ್ನು ನೋಡಿ ಬೇರೆ ಏನನ್ನಾದರೂ ಹೇಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಬೈಯದೆ, ಹಾಗೇ ಇರಲಿ ಬಿಡು ಎಂದಳು. ಅಪ್ಪನಿಗೆ ಹೇಳಿದಾಗ ಅವನು ತಟ್ಟೆಯಲ್ಲಿದ್ದ ಮುದ್ದೆಯನ್ನು ಬೆರಳಿನಿಂದ ಒತ್ತುತ್ತಾ ಕೂತ. ಹೀಗೆ ಕರಡಿ ನಮ್ಮ ಮನೆಯಲ್ಲಿ ಎಮ್ಮೆಯಾಯಿತು.

ಅವತ್ತಿನಿಂದ ಕಾಳಿ ಕೆರೆಗೆ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಅಜ್ಜಿ ರೂಮಿಗೆ ಬರತೊಡಗಿದಳು. ಕಬ್ಬಿಣದ ಬಳೆಯ ಕೆಳಗೆ ಗೋಡೆಗೊರಗಿ, ಏರಿಯ ಮೇಲೆ ಕೂರುತ್ತಿದ್ದಂತೆಯೇ ಕಾಲು ಚಾಚಿ ಕೂತು ಎಲೆ ಅಡಿಕೆ ಸಂಚಿ ಬಿಚ್ಚುವಳು. ಗಿಡ್ಡ ಕಿಟಕಿಯ ಬಿಸಿಲು ಅವಳ ಪಾದದ ಮೇಲೆ ಬೀಳುತ್ತಿತ್ತು. ನಾನು ಕರಡಿಯನ್ನು ಆರಿಸಿ ಆಟ ಶುರು ಮಾಡುವೆ. ನನಗೆ ಗೆಲ್ಲಬೇಕು. ತಿರುವುಗಳೆಲ್ಲ ಬೆರಳಿಗೆ ಕಂಠಪಾಠವಾಗಿದ್ದವು, ಹುಲಿಯನ್ನು ಹಿಂದೆ ಹಾಕುವ ಜಾಗ ಕೂಡ ಗೊತ್ತಿತ್ತು. ಆದರೆ ಕೊಳ ಹತ್ತಿರ ಬಂದ ಕೂಡಲೇ ಹಿಂದಿನಿಂದ ದನಿ.

“ನೀರಿಗೆ ಬುಡೇ ಅದನ್ನ.”

“ಅಜ್ಜಿ, ನೀರಿಗೆ ಹೋದ್ರೆ ಸೋತೋಗ್ತೀವಿ.”

“ಸೋತ್ರೆ ಗಂಟೇನ್ ಹೋಯ್ತದೆ? ಎಷ್ಟು ದೂರದಿಂದ ಓಡ್ಕೊಂಡ್ ಬಂದೈತೆ ಪಾಪ. ಗಂಟಲು ಒಣಗಿರ್ತದೆ.”

ನನಗೆ ಮೈ ಉರಿಯುತ್ತಿತ್ತು. ಅಳು ಬಂದದ್ದೂ ಉಂಟು. ಆದರೂ ಇಳಿಸುತ್ತಿದ್ದೆ. ಗುಳುಗುಳು ಶುರುವಾಗುತ್ತಿತ್ತು. ಮೊಲ ಹೋಯಿತು, ಕೋತಿ ಹೋಯಿತು, ಆಮೆ ಕೂಡ ನಮ್ಮ ಪಕ್ಕದಲ್ಲೇ ಸದ್ದಿಲ್ಲದೆ ದಾಟಿ ಹೋಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಹೊರಗೆ ವಿಮಾನ ಹಾದುಹೋದರೆ ಮಾನಿಟರಿನ ಗಾಜು ಸಣ್ಣಗೆ ನಡುಗುತ್ತಿತ್ತು, ಕೊಳದ ನೀರಿಗೇ ಗಾಳಿ ತಾಗಿದ ಹಾಗೆ. ಎಷ್ಟೋ ಸಂಜೆ ನಾನೇ ಮರೆತುಬಿಡುತ್ತಿದ್ದೆ, ನಾನಿರುವುದು ರೂಮಿನಲ್ಲೋ ಏರಿಯ ಮೇಲೋ, ಕೈಯಲ್ಲಿರುವುದು ಕೀಬೋರ್ಡೋ ಬಾಲವೋ ಎಂದು. ಸೋಲಿನ ಸಂಗೀತ ಬರುವ ಹೊತ್ತಿಗೆ ಸಿಟ್ಟು ಇಳಿದಿರುತ್ತಿತ್ತು. ಸಾಕು ಅನ್ನಿಸುವವರೆಗೆ ಇರುವುದು ನನ್ನ ಮೈಗೆ ಹತ್ತಿದ್ದು ಅಲ್ಲಿ. ಆಮೇಲಿನ ಬದುಕಿನಲ್ಲಿ ನಾನು ಎಷ್ಟೋ ಜಾಗಗಳಿಗೆ ಕೊನೆಯವಳಾಗಿ ತಲುಪಿದ್ದೇನೆ, ಅದಕ್ಕಾಗಿ ಹೊಟ್ಟೆ ಉರಿದುಕೊಂಡಿಲ್ಲ.

ಆದರೆ ಅಜ್ಜಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಒಲೆಯ ಮೇಲೆ ಕೈ ಇಟ್ಟು ಸುಟ್ಟುಕೊಂಡಳು. ಒಂದು ದಿನ ಮಂಜನನ್ನು ನಾನೆಂದು ತಿಳಿದು ಜಡೆ ಹಾಕಲು ಕೂರಿಸಿಕೊಂಡಳು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಪೊರೆ ಬಲಿತಿದೆ, ಬೇಗ ಆಪರೇಷನ್ ಮಾಡಿಸದಿದ್ದರೆ ಆಮೇಲೆ ಮಾಡಿಯೂ ಉಪಯೋಗವಿಲ್ಲ ಎಂದು ಅಮ್ಮನಿಗೆ ಹೇಳಿದರು. ಆಸ್ಪತ್ರೆಗೆ ಸೇರಿಸಲು, ಜೊತೆಗಿರಲು ಅಪ್ಪ ರಜೆ ಹಾಕುತ್ತೇನೆಂದ. ಅಜ್ಜಿ ಒಪ್ಪಲಿಲ್ಲ.

“ನಿಮ್ಮಪ್ಪಂಗೆ ಹೇಳು, ನನ್ ಕಣ್ಣಿನ ಉಸಾಬರಿ ಅವ್ನಿಗೆ ಬೇಡ. ನೋಡೋಂಥದ್ದು ಏನೈತೆ ಈ ಮನೇಲಿ?”

ಈ ಮಾತನ್ನು ತಿರುಚಿ ಹೇಳಲು ನನ್ನಿಂದ ಆಗಲಿಲ್ಲ. ಅಪ್ಪನಿಗೆ ಕೇಳಿಸಿಯೇ ಇತ್ತು, ಅವನು ಎದ್ದು ಕೈ ತೊಳೆಯಲು ಹೋದ. ಅಜ್ಜಿಗೆ ಕಣ್ಣು ಹೋಗಿಬಿಡುತ್ತದೆ, ಅದೂ ಅಪ್ಪನ ಮೇಲಿನ ಹಟಕ್ಕೆ ಹೋಗುತ್ತದೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಎಷ್ಟು ಹೆದರಿದೆನೆಂದರೆ, ನಾನೇ ಕಣ್ಣು ಮುಚ್ಚಿಕೊಂಡು ಮನೆಯೊಳಗೆ ಓಡಾಡಿ ನೋಡಿದೆ. ಇಳಿಜಾರು ನೆಲದಲ್ಲಿ ಕಾಲು ತಾನಾಗಿ ಮೂಲೆಗೆ ಹೋಯಿತು.

ಅದಾದ ಕೆಲವೇ ದಿನಕ್ಕೆ, ಮಂಜ ಹೊಸ ತಿಪ್ಪಸಂದ್ರಕ್ಕೆ ಅಮ್ಮನ ಜೊತೆ ಚಪ್ಪಲಿ ಕೊಳ್ಳಲು ಹೋಗಿದ್ದ ಒಂದು ಸಂಜೆ, ಅಪ್ಪ ಕೆಲಸದಿಂದ ಬ್ಯಾಗು ಹೆಗಲಲ್ಲಿದ್ದಂತೆಯೇ ಬಂದು ರೂಮಿನ ಬಾಗಿಲಲ್ಲಿ ನಿಂತ. ಕಾಲಿನ ಸದ್ದು ಅಜ್ಜಿಗೆ ಗೊತ್ತಾಯಿತು.

“ಪುಟ್ಟೀ, ನಿಮ್ಮಪ್ಪಂಗೆ ಹೇಳು, ಬಾಗಿಲಲ್ಲಿ ನಿಂತ್ರೆ ಗಾಳಿ ಬರಾಕಿಲ್ಲ ಅಂತ.”

ಹೋಗು ಎಂದೂ ಅರ್ಥ, ಒಳಗೆ ಬಾ ಎಂದೂ ಅರ್ಥ. ನಾನು ಎರಡನೆಯದನ್ನು ಆರಿಸಿಕೊಂಡೆ. ‘ಅಪ್ಪಾ, ಒಳಗೆ ಬಂದು ಕೂರಬೇಕಂತೆ’ ಎಂದೆ. ಅಪ್ಪ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ. ಕೀಬೋರ್ಡಿನ ಒಂದು ತುದಿ ಅವನಿಗೆ, ಒಂದು ತುದಿ ನನಗೆ. ಇಬ್ಬರು ಆಡುವಾಗ ಆಗುವಂತೆ ಪರದೆ ಮೇಲೊಂದು, ಕೆಳಗೊಂದು ಎಂದು ಎರಡು ಭಾಗವಾಯಿತು. ವಿಮಾನದ ಬೋಲ್ಟು ಬಿಗಿ ಮಾಡುವ ಆ ದಪ್ಪ ಬೆರಳುಗಳು ಒಂದು ಗುಂಡಿ ಒತ್ತಲು ಹೋಗಿ ಮೂರು ಒತ್ತುತ್ತಿದ್ದವು. ಬೆರಳು ಬಿದ್ದದ್ದಕ್ಕೆ ಅವನಿಗೆ ಮೊಲ ಬಂತು.

“ನಿಮ್ಮಪ್ಪಂದು ಯಾವ್ದೇ?”

“ಬಿಳೀ ಮೊಲ ಅಜ್ಜಿ.”

ಅಪ್ಪ ಮರಕ್ಕೆ ಗುದ್ದಿದ, ಬೇಲಿಗೆ ಗುದ್ದಿದ. ಅಜ್ಜಿ ಸದ್ದು ಕೇಳಿ ತುಟಿ ಬಿಗಿಹಿಡಿದಳು, ನಗು ತಡೆದಳೆಂದು ನನಗೆ ಗೊತ್ತಾಯಿತು. ನಾನು ಎಂದಿನಂತೆ ಕೊಳಕ್ಕೆ ಇಳಿದೆ. ನನ್ನ ಅರ್ಧದಲ್ಲಿ ಗುಳುಗುಳು ಶುರುವಾಯಿತು. ಅಪ್ಪ ಹೇಗೋ ತಿರುವು ದಾಟಿ ಮುಂದೆ ಹೋದ. ಆಮೆಯನ್ನೂ ಕೋತಿಯನ್ನೂ ಹಿಂದೆ ಹಾಕಿದ. ಗೆಲ್ಲುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅವನು ನಿಲ್ಲಿಸಿದ. ಆ ಸದ್ದಿಗೆ ಕಿವಿಗೊಟ್ಟು, ಮೊಲವನ್ನು ಹಿಂದಕ್ಕೆ ತಿರುಗಿಸಿದ. ತಪ್ಪು ದಾರಿ ಎಂದು ಪರದೆಯ ಮೇಲೆ ಕೆಂಪು ಬಾಣ ಮಿಣಮಿಣ ಮಿನುಗತೊಡಗಿತು. ಎದುರಿಗೆ ಬಂದ ಹುಲಿ ಅವನಿಗೆ ಡಿಕ್ಕಿ ಹೊಡೆದು ಹೋಯಿತು. ಅವನು ಲೆಕ್ಕಿಸದೆ ಬಂದು, ನನ್ನ ಕರಡಿಯ ಪಕ್ಕಕ್ಕೆ ಕೊಳಕ್ಕೆ ಇಳಿದು ನಿಂತ. ಈಗ ಪರದೆಯ ಎರಡೂ ಭಾಗದಲ್ಲಿ ಒಂದೇ ನೀರು.

“ಬಕೆಟ್ ತುಂಬ್ಸಿ ಇಟ್ಟಿದ್ದೆ ಅವ್ವಾ,” ಎಂದ ಅಪ್ಪ. ಪರದೆಯನ್ನೇ ನೋಡುತ್ತಿದ್ದ. “ಅರಿಶಿನ ಕುಂಕುಮನೂ ಇಟ್ಟಿದ್ದೆ. ಅದು ನೀರಿಗೆ ಮೂತಿ ಹಾಕ್ಲಿಲ್ಲ. ಸುಮ್ನೆ ನಿಂತಿತ್ತು. ನಿನ್ನ ಹುಡುಕ್ತಾ ಇತ್ತೋ ಏನೋ. ಟೆಂಪೋದವನು ಹಾರನ್ ಹೊಡೀತಾ ಇದ್ದ. ನಾನು ಕಾಯ್ಲಿಲ್ಲ. ಹತ್ತಿಸ್ಬಿಟ್ಟೆ.”

ಈ ಮಾತನ್ನು ಅಜ್ಜಿಗೆ ದಾಟಿಸಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ಗುಳುಗುಳು ನಡೆದೇ ಇತ್ತು. ಕಿಟಕಿಯ ಬಿಸಿಲು ಅಜ್ಜಿಯ ಪಾದದಿಂದ ಸರಿದು ನೆಲಕ್ಕೆ ಹೋಯಿತು. ರೇಸ್ ಮುಗಿಸಿದ ಪ್ರಾಣಿಗಳೆಲ್ಲ ಎಲ್ಲಿಗೆ ಹೋದವೋ, ದಾರಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮಾತಾಡಿದಳು, ನನ್ನ ಹೆಸರು ಹಿಡಿಯದೆ.

“ಮೊಲಕ್ಕೆ ಅಷ್ಟು ನೀರು ಆಗ್ಬರಾಕಿಲ್ಲ ಕಣೋ. ಶೀತ ಆಯ್ತದೆ. ಎತ್ಕೋ ಆಚೀಗೆ.”

ಅಪ್ಪ ಎತ್ತಿಕೊಳ್ಳಲು ಹೋದ. ಬೆರಳು ಮತ್ತೆ ಮೂರು ಗುಂಡಿ ಒತ್ತಿತು, ಮೊಲ ಇನ್ನೂ ಒಳಕ್ಕೆ ಹೋಯಿತು. ನಾನೇ ಕೈ ಚಾಚಿ ಅವನ ಗುಂಡಿಗಳನ್ನು ಒತ್ತಿ ಮೊಲವನ್ನು ದಡಕ್ಕೆ ತಂದೆ. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಕೆಲಸವಿರಲಿಲ್ಲ. ಅವರಿಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಉಪ್ಪು ಸಾಕಾ ಎಂದಳು, ಸಾಕು ಎಂದ. ನಾನು ಆ ಮೊಳದ ಜಾಗ ಬಿಟ್ಟು ಅಮ್ಮನ ಪಕ್ಕಕ್ಕೆ ಹೋಗಿ ಕೂತೆ. ಸುಖವಾಯಿತು, ಸ್ವಲ್ಪ ಬೇಜಾರೂ ಆಯಿತು.

ಅಜ್ಜಿ ಆಪರೇಷನ್ನಿಗೆ ಒಪ್ಪಿದಳು. ಅಪ್ಪನ ತೋಳು ಹಿಡಿದುಕೊಂಡು ಆಟೋ ಹತ್ತಿದಳು. ಅವರು ಹೋದ ಮೇಲೆ ಮಂಜ ನನ್ನ ಹತ್ತಿರ ಬಂದು, ಮುಖ ಸಣ್ಣಗೆ ಮಾಡಿಕೊಂಡು ಕೇಳಿದ.

“ಅಕ್ಕಾ, ಕಣ್ಣು ಬಂದ್ಮೇಲೆ ಅಜ್ಜಿಗೆ ಕರಡಿ ಕಾಣ್ಸಲ್ವಾ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಒಂದು ಬಕೆಟ್ ನೀರಿಗೆ ಅಷ್ಟು ದಿನ ಮಾತು ಬಿಟ್ಟವಳು, ದಿನಾ ಸಂಜೆ ಹೇಳಿದ ಸುಳ್ಳಿಗೆ ಏನು ಮಾಡಿಯಾಳು? ಈ ಸಲ ಮಾತು ಬಿಡುವುದು ನಮ್ಮೆಲ್ಲರ ಜೊತೆ. ಮಾತು ದಾಟಿಸಲು ಯಾರೂ ಉಳಿಯುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳೋಣ ಎಂದಳು ಅಮ್ಮ. ಅದು ಇನ್ನೊಂದು ಸುಳ್ಳು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದು, ಒಳಗಿನ ಮಂಚದ ಮೇಲೆ ಮಲಗಿ, ಡಾಕ್ಟರು ಹೇಳುವವರೆಗೂ ಏನನ್ನೂ ದಿಟ್ಟಿಸಿ ನೋಡಬಾರದೆಂಬ ನೇಮದಲ್ಲಿದ್ದ ಆ ದಿನಗಳಲ್ಲಿ ನಾವು ಹಿತ್ತಿಲಲ್ಲಿ ಗುಸುಗುಸು ಮಾಡುತ್ತಿದ್ದೆವು. ಕೊನೆಗೆ ಉಪಾಯ ನನಗೇ ಹೊಳೆಯಿತು. ಪ್ರಾಣಿ ಗಾಜಿನ ಮೇಲೆ ಒಂದೇ ಕಡೆ ಕೂತಿರುತ್ತದಲ್ಲ, ಅದರ ತಲೆಯಿರುವ ಜಾಗಕ್ಕೆ ಕೊಂಬು ಅಂಟಿಸಿದರಾಯಿತು. ಮಂಜ ಶಾಲೆಯ ಕಪ್ಪು ಚಾರ್ಟ್ ಪೇಪರ್ ತಂದ. ಅಮ್ಮ ಮೈದಾ ಕಾಯಿಸಿ ಅಂಟು ಮಾಡಿದಳು. ನಾನು ಕತ್ತರಿಸಿದ ಕೊಂಬು ಆಡಿನ ಕೊಂಬಾಯಿತು. ಅಪ್ಪ ನೋಡಿ, ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಅಳತೆ ಪಟ್ಟಿ ಇಲ್ಲದೆ, ಗುರುತು ಹಾಕದೆ, ಒಂದೇ ಸಲಕ್ಕೆ ಎರಡು ಕೊಂಬು ಕತ್ತರಿಸಿ ಮೇಜಿನ ಮೇಲಿಟ್ಟ. ಎಡಗಡೆಯದು ಸ್ವಲ್ಪ ಕೆಳಗೆ ಬಾಗಿತ್ತು.

ಡಾಕ್ಟರು ಕಪ್ಪು ಕನ್ನಡಕ ತೆಗೆಸಿದ ದಿನ ಅಜ್ಜಿ ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು. ಅಡುಗೆಮನೆಯ ಮೂಲೆಯಲ್ಲಿ ಬಲೆ ಕಟ್ಟಿದೆ ಎಂದು ಅಮ್ಮನನ್ನು ಗದರಿದಳು. ನನ್ನ ಗಲ್ಲ ಹಿಡಿದೆತ್ತಿ, ಇಷ್ಟು ಕರ್ರಗಾಗಿದ್ದೀಯಲ್ಲೇ ಎಂದಳು. ಅಪ್ಪನ ತಲೆಯ ಬಿಳಿ ಕೂದಲು ನೋಡಿ ಹಾಗೇ ಮುಂದೆ ನಡೆದಳು. ಸಂಜೆ ತಾನಾಗಿಯೇ ರೂಮಿಗೆ ಬಂದಳು; ಇವತ್ತು ಗೋಡೆ ಹಿಡಿದುಕೊಳ್ಳಲಿಲ್ಲ. ಸಂಚಿ ಬಿಚ್ಚಿ ಕೂತಳು. ನಾನು ಆಟ ಶುರು ಮಾಡಿದೆ. ಕಿತ್ತಳೆ ಬಣ್ಣದ ಸಂಜೆಯ ಕೆಳಗೆ, ಕಾಗದದ ಕೊಂಬು ಹೊತ್ತ ಕರಡಿ ಹಳದಿ ದಾರಿಯಲ್ಲಿ ಓಡಿತು. ಅಮ್ಮ, ಅಪ್ಪ, ಮಂಜ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು. ಎಲ್ಲ ಚೆನ್ನಾಗಿಯೇ ಇತ್ತು, ಮೊದಲ ತಿರುವಿನವರೆಗೆ. ತಿರುವಿನಲ್ಲಿ ಕಾರು ಎಡಕ್ಕೆ ವಾಲುತ್ತದೆ, ಕರಡಿಯ ತಲೆಯೂ ವಾಲುತ್ತದೆ ಎನ್ನುವುದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಕರಡಿ ವಾಲಿತು. ಕೊಂಬು ಗಾಳಿಯಲ್ಲಿ ನಿಂತುಕೊಂಡಿತು.

ಅಜ್ಜಿ ಎದ್ದು ಬಂದಳು. ಮಾನಿಟರಿನ ಮುಂದೆ ಬಗ್ಗಿ, ಉಗುರಿನಿಂದ ಒಂದು ಕೊಂಬು ಕಿತ್ತಳು, ಇನ್ನೊಂದು ಕಿತ್ತಳು. ಗಾಜಿನ ಮೇಲಿನ ಅಂಟನ್ನು ಸೆರಗಿನಿಂದ ಒರೆಸಿದಳು. ಕರಡಿಯನ್ನು ನೋಡಿದಳು. ನಾನು ಗುಂಡಿಯಿಂದ ಬೆರಳು ತೆಗೆದಿದ್ದೆ. ಕಾರು ನನ್ನ ಕೈ ಮೀರಿ ತಾನಾಗಿ ಕೊಳದ ಹತ್ತಿರಕ್ಕೆ ಉರುಳಿ ನಿಂತಿತು. ಅವಳು ಅಂಗೈಯಲ್ಲಿದ್ದ ಕೊಂಬುಗಳನ್ನು ಬೆಳಕಿಗೆ ಹಿಡಿದಳು. ಎಡಗಡೆಯದರ ಬಾಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತಿರುಗಿ, ಬಾಗಿಲಲ್ಲಿದ್ದ ಮಗನನ್ನು, ಪೊರೆಯಿಲ್ಲದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು.

“ನೀನೇ ಕತ್ತರಿಸ್ದಾ?”

“ಹೂಂ ಅವ್ವಾ.”

ಕೊಂಬುಗಳನ್ನು ಜೋಪಾನವಾಗಿ ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡು, ದಾರ ಎಳೆದು ಬಿಗಿದು, ಮತ್ತೆ ಬಳೆಯ ಕೆಳಗೆ ತನ್ನ ಜಾಗಕ್ಕೆ ಹೋಗಿ ಕಾಲು ಚಾಚಿ ಕೂತಳು.

“ಏನ್ ಹಂಗೆ ಬಾಯ್ ಬಿಟ್ಕೊಂಡ್ ಕುಂತಿದ್ದೀಯ? ಬುಡು ನೀರಿಗೆ. ಕರಡೀಗೂ ಬಾಯಾರ್ತದೆ.”